ಬೆರಳಗಲ ತೆರೆದ ಬಾಗಿಲು

ಕುಂಯ್‌ಯ್‌ಯ್...

ಸೊಳ್ಳೆಯೊಂದು ಕಿವಿಯ ಹತ್ತಿರ ಬಂದು ದೂರ ಹೋದಂಥ ಸಣ್ಣ ಸದ್ದು. ರಾತ್ರಿ ಹನ್ನೊಂದೂವರೆ ದಾಟಿತ್ತು. ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದ ಭಾನುಪ್ರಿಯ ತಟ್ಟನೆ ತಲೆಯೆತ್ತಿದಳು.

ನಡುಮನೆಯಲ್ಲಿ ಅಜ್ಜಿ ಕೆಂಚಮ್ಮನ ಹೆಣ. ತಲೆಯ ಹತ್ತಿರ ದೀಪ. ಬೆಳಿಗ್ಗೆ ಮಣ್ಣು. ಅಳುವವರೆಲ್ಲ ಅತ್ತು ದಣಿದು ಗೋಡೆಗೆ ಒರಗಿದ್ದರು.

ಆ ಸದ್ದು ಅವಳಿಗೆ ಗೊತ್ತಿತ್ತು. ಫ್ಲ್ಯಾಶ್ ಚಾರ್ಜಾಗುವ ಸದ್ದು.

‘ಇಲ್ಲ... ಅವನಾಗಿರಲಾರ. ಫ್ಲ್ಯಾಶ್ ಯಾರ ಹತ್ತಿರ ಇರುವುದಿಲ್ಲ?’

ಅಜ್ಜಿಯದು ಒಂದೂ ಫೋಟೋ ಇಲ್ಲ, ತಿಥಿಗೆ ಕಟ್ಟು ಹಾಕಿಸಬೇಕು ಎಂದು ಅಪ್ಪ ಸಂಜೆ ಕುದೂರಿನ ಸ್ಟುಡಿಯೋಕ್ಕೆ ಫೋನ್ ಮಾಡಿಸಿದ್ದ. ಅಂಗಡಿಯವನು ಮದುವೆಗೆ ಹೋಗಿದ್ದಾನೆ, ಬೇರೆ ಯಾರನ್ನಾದರೂ ಕಳಿಸುತ್ತಾರೆ ಎಂದು ಉತ್ತರ ಬಂದಿತ್ತು.

ಭಾನು ಬಾಗಿಲಿಗೆ ಬಂದು ಇಣುಕಿದಳು. ಹೆಣದ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಸೋಪಿನ ಡಬ್ಬಿಯಷ್ಟಿದ್ದ ಬಿಳಿ ಪೆಟ್ಟಿಗೆಯೊಂದನ್ನು ಇಡುತ್ತಿದ್ದವನು ಅತ್ತ ತಿರುಗಿದ.

ಅವನೇ... ಜಯಕುಮಾರ್!

ಅವನ ಎಡಗಣ್ಣು ಅವಳನ್ನು ನೋಡಿತು. ಬಲಗಣ್ಣು ಹಾಲುಬಣ್ಣವಾಗಿ, ಎಲ್ಲಿಯೂ ನೋಡದೆ, ಸುಮ್ಮನೆ ತೆರೆದಿತ್ತು.

ಭಾನು ಬಾಗಿಲ ಮರೆಗೆ ಸರಿದಳು.

ಆ ಕಣ್ಣು ಹೋಗಿ ನಾಲ್ಕು ವರ್ಷ.

ಅಕ್ಕ ದಿವ್ಯಳ ಮದುವೆ. ಮಾಗಡಿಯ ಛತ್ರದಲ್ಲಿ ಹಿಂದಿನ ರಾತ್ರಿಯ ರಿಸೆಪ್ಷನ್. ಆಗಷ್ಟೇ ಬಿ.ಎ. ಮುಗಿಸಿದ್ದ ಭಾನುವಿಗೆ ಹೆಣ್ಣಿನ ರೂಮಿನ ಉಸ್ತುವಾರಿ. ಫೋಟೋದವನು ಬಂದು, ಹೆಂಗಸರ ಮಧ್ಯೆ ತಲೆ ತಗ್ಗಿಸಿಕೊಂಡೇ ಮದುವಣಗಿತ್ತಿಯ ಫೋಟೋ ತೆಗೆದ. ಶೆಲ್ಫಿನ ಮೇಲೆ ಇದೇ ಥರದ ಬಿಳಿ ಪೆಟ್ಟಿಗೆ ಇಟ್ಟಿದ್ದ.

"ಇದೇನು? ವೈರೇ ಇಲ್ಲ?" ಭಾನು ಕೇಳಿದ್ದಳು.

"ಸ್ಲೇವ್ ಫ್ಲ್ಯಾಶ್ ಅಂತಾರೆ. ಬೆಂಗ್ಳೂರ್ನೋರು ಇಪ್ಪತ್ತ್ ಸಾವ್ರದ ಲೈಟ್ ಇಡ್ತಾರೆ. ನಂದು ಮುನ್ನೂರೈವತ್ತರದು." ಅವನು ನಕ್ಕ. "ನನ್ ಕ್ಯಾಮೆರಾ ಮಿಂಚಿದ್ರೆ ಅದನ್ನ ನೋಡಿ ಇದೂ ಮಿಂಚ್ತದೆ. ಹಿಂದ್ಗಡೆ ಕತ್ಲೆ ಬೀಳಲ್ಲ."

"ನೋಡಿ ಮಿಂಚುತ್ತಾ? ಕಣ್ಣಿದೆಯಾ ಅದಕ್ಕೆ?"

"ಐತೆ. ಆದ್ರೆ ನಿಮ್ಮಷ್ಟು ಚೂಪಿಲ್ಲ."

ಭಾನು ಮುಖ ತಿರುಗಿಸಿಕೊಂಡಳು. ಕೆನ್ನೆ ಬಿಸಿಯಾಗಿತ್ತು! ಅಷ್ಟರಲ್ಲಿ ಗಂಡಿನ ಕಡೆಯವರು ಸ್ಟೇಜಿನಿಂದ ಕೂಗಿದರು. ಅವನು ಓಡಿದ. ಪೆಟ್ಟಿಗೆಯ ಸ್ವಿಚ್ಚು ಆರಿಸುವುದನ್ನು ಮರೆತ.

ಹತ್ತೂವರೆಗೆ ದಿವ್ಯ ಸೀರೆ ಬದಲಾಯಿಸುತ್ತಿದ್ದಳು. "ಬಾಗಿಲಿಗೆ ಅಡ್ಡ ನಿಂತಿರೇ" ಎಂದಿದ್ದಳು. ಭಾನು ನಿಂತಳು. ನಿಂತವಳು, ಯಾಕೋ... ಬಾಗಿಲನ್ನು ಒಂದು ಬೆರಳಗಲ ತೆರೆದಳು. ಸ್ಟೇಜಿನ ಮುಂದೆ ಮಂಡಿಯೂರಿದ್ದ ಅವನನ್ನು ಒಮ್ಮೆ ನೋಡುವ ಆಸೆ. ಒಮ್ಮೆ, ಅಷ್ಟೇ.

ಅವನು ಕ್ಯಾಮೆರಾ ಎತ್ತಿದ. ಎದುರಿಗೆ ಬಿಳಿಯ ಮಿಂಚು. ಅದೇ ಗಳಿಗೆಗೆ ಬೆನ್ನ ಹಿಂದೆ, ರೂಮಿನೊಳಗೆ, ಇನ್ನೊಂದು ಮಿಂಚು!

"ಅಯ್ಯೋ! ಯಾರೋ ಫೋಟೋ ತೆಗುದ್ರು!" ದಿವ್ಯ ಕಿರುಚಿದಳು.

ಆಮೇಲಿನದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ನಡೆದುಹೋಯಿತು. ಶೆಲ್ಫಿನ ಮೇಲಿನ ಪೆಟ್ಟಿಗೆ ಸಿಕ್ಕಿತು. "ಕಳ್ ಕ್ಯಾಮೆರಾ ಮಡಗವ್ನೆ ಕಣ್ಲಾ!" ಎಂದು ಯಾರೋ ಕೂಗಿದರು. ಅವನನ್ನು ಕೊರಳಪಟ್ಟಿ ಹಿಡಿದು ಎಳೆತಂದರು.

"ಅಣ್ಣಾ, ಅದು ಕ್ಯಾಮೆರಾ ಅಲ್ಲ, ಬರೀ ಬಲ್ಬು! ಹೊರ್ಗಿನ ಬೆಳ್ಕು ಬಿದ್ರೆ ತಾನಾಗೇ ಹತ್ಕೊತದೆ. ಬಾಗ್ಲು ಒಸಿ ತೆಗ್ದಿರ್ಬೇಕು..." ಅವನು ಭಾನುವಿನ ಕಡೆ ತಿರುಗಿದ. "ಅಮ್ಮಣ್ಣಿ, ನೀವೇ ಅಲ್ವಾ ಬಾಗ್ಲತ್ರ ಇದ್ದದ್ದು? ಹೇಳಿ... ಬಾಗ್ಲು ತೆಗ್ದಿತ್ತಲ್ವಾ?"

ಛತ್ರವೆಲ್ಲ ಅವಳ ಮುಖ ನೋಡಿತು. ಎದುರಿಗೆ ಅಪ್ಪ ಚೆಲುವಯ್ಯ.

‘ತೆಗೆದಿತ್ತು ಎಂದರೆ, ಯಾರು ತೆಗೆದದ್ದು ಎನ್ನುತ್ತಾರೆ. ಅಕ್ಕ ಸೀರೆ ಬಿಚ್ಚಿ ನಿಂತಿದ್ದಾಗ ಯಾಕೆ ತೆಗೆದೆ ಎನ್ನುತ್ತಾರೆ. ಯಾರನ್ನು ನೋಡಲು ಎನ್ನುತ್ತಾರೆ...’

"ಇಲ್ಲ," ಎಂದಳು. "ಮುಚ್ಚಿತ್ತು."

ಅಪ್ಪನ ಕೈಯಲ್ಲಿ ಲೈಟಿನ ಕಬ್ಬಿಣದ ಸ್ಟ್ಯಾಂಡಿತ್ತು. ಏಟು ಬಿದ್ದದ್ದನ್ನು ಭಾನು ನೋಡಲಿಲ್ಲ. ಕೇಳಿಸಿಕೊಂಡಳು.

ಅವನು ಕೊರಳಲ್ಲಿದ್ದ ಕ್ಯಾಮೆರಾವನ್ನು ಹೊಟ್ಟೆಗೆ ಅವುಚಿಕೊಂಡು ಮುದುಡಿ ಬಿದ್ದ. ಜನ ಒಡೆದದ್ದು ಬಿಳಿ ಪೆಟ್ಟಿಗೆಯನ್ನು. ಒಳಗೆ ರೀಲಿರಲಿಲ್ಲ. ಬಲ್ಬು, ಸೆಲ್ಲು, ಎರಡು ತಂತಿ. "ರೀಲು ಆಗ್ಲೇ ಎತ್ತವ್ನೆ ಬುಡ್ರಲಾ" ಎಂದರು.

ಅವನು ಪೊಲೀಸಿಗೆ ಹೋಗಲಿಲ್ಲ. ತಪ್ಪು ಮಾಡಿದವನು ಹೇಗೆ ಹೋಗುತ್ತಾನೆ ಎಂದಿತು ಊರು. ‘ನನ್ನ ಮೇಲಿನ ಅಸಹ್ಯಕ್ಕೆ ಹೋಗಿಲ್ಲ’ ಎಂದುಕೊಂಡಳು ಭಾನು. ಆಮೇಲೆ ಯಾವ ಮದುವೆಗೂ ಅವನನ್ನು ಯಾರೂ ಕರೆಯಲಿಲ್ಲ. ಹೆಣದ ಫೋಟೋಕ್ಕೆ ಮಾತ್ರ ಕರೆಯುತ್ತಾರಂತೆ ಎಂದು ಕೇಳಿದ್ದಳು. ತನಗೆ ಬಂದ ಮೂರು ಸಂಬಂಧಗಳನ್ನು ಅವಳು ಏನೇನೋ ನೆಪ ಹೇಳಿ ಬೇಡವೆಂದಿದ್ದಳು. ಬಿಡದಿಯ ಗಾರ್ಮೆಂಟ್ಸಿನ ಲೆಕ್ಕದ ವಿಭಾಗಕ್ಕೆ ಸೇರಿ, ಬೆಳಗಾಗುವ ಮೊದಲೇ ಕಂಪನಿಯ ವ್ಯಾನು ಹತ್ತಿ, ಕತ್ತಲಾದ ಮೇಲೆ ಮನೆ ಸೇರುತ್ತಿದ್ದಳು.

"ನೀನಾ?" ಈಗ ಚೆಲುವಯ್ಯನ ಗಂಟಲು ನಡುಮನೆಯನ್ನು ಸೀಳಿತು. "ನನ್ ಮನೆಗೆ ಕಾಲಿಡಕ್ಕೆ ಎಷ್ಟ್ಲಾ ಧೈರ್ಯ ನಿಂಗೆ?"

"ನಿಮ್ಮನೆ ಅಂತ ಗೊತ್ತಿರ್ಲಿಲ್ಲ. ಬೇಡ ಅಂದ್ರೆ ಹೊಯ್ತೀನಿ."

ಪಕ್ಕದ ಮನೆಯ ಮಾಯಮ್ಮ ಎಲೆಯಡಿಕೆ ಜಗಿಯುತ್ತ ನಡುವೆ ಬಾಯಿ ಹಾಕಿದಳು. "ಈ ಹೊತ್ನಲ್ಲಿ ಇನ್ಯಾರ್ ಬತ್ತಾರೆ ಚೆಲುವಯ್ಯ? ಹೊಡ್ಕೊಂಡ್ ಹೋಗ್ಲಿ ಬುಡು. ಕೆಂಚಕ್ಕ ಏನು ಸೀರೆ ಬದ್ಲಾಯ್ಸ್ತಾಳಾ ಇನ್ನ?"

ಯಾರೋ ಕಿಸಕ್ಕೆಂದರು. ಜಯಕುಮಾರನ ಮುಖದಲ್ಲಿ ಏನೂ ಅಲುಗಲಿಲ್ಲ. ಇಂಥ ಮಾತು ಅವನಿಗೆ ಹೊಸದಲ್ಲವೆಂದು ಭಾನುವಿಗೆ ತಿಳಿಯಿತು. ಅದು ಅವಳನ್ನು ಇರಿಯಿತು.

ಅವನು ಕ್ಯಾಮೆರಾವನ್ನು ಎಡಗಣ್ಣಿಗೆ ಹಿಡಿದ. ಟಪ್! ಕ್ಯಾಮೆರಾ ಮಿಂಚಿತು. ಅದರ ಜೊತೆಗೇ ಮರದ ಪೆಟ್ಟಿಗೆಯ ಮೇಲಿನ ಸ್ಲೇವೂ ಮಿಂಚಿತು. ಅಜ್ಜಿಯ ಸುಕ್ಕು ಮುಖ ಒಂದು ಕ್ಷಣ ಹಗಲಾಯಿತು.

ಕುಂಯ್‌ಯ್...

ಹೆಣದ ಪಕ್ಕದಲ್ಲಿದ್ದ ದಿವ್ಯ ಎದ್ದು ನಿಂತಳು. "ಅಪ್ಪಾ! ಅವತ್ತಿನ ಬೆಳಕು ಇದೇ ಕಣಪ್ಪಾ! ಹಿಂಗೇ ಹೊಡ್ದಿದ್ದು!"

"ಇನ್ನೂ ಬುಟ್ಟಿಲ್ವೇನ್ಲಾ ಆ ಬುದ್ಧೀನ?" ಚೆಲುವಯ್ಯ ಅವನ ಕೊರಳಪಟ್ಟಿಗೆ ಕೈ ಹಾಕಿದ. ಜಯಕುಮಾರ್ ತಪ್ಪಿಸಿಕೊಳ್ಳಲಿಲ್ಲ. ಎಡಗಣ್ಣಿನ ಮೇಲೆ ಮಾತ್ರ ಅಂಗೈ ಅಡ್ಡ ಹಿಡಿದ.

ಉಳಿದ ಒಂದು ಕಣ್ಣು...

"ಅಪ್ಪಾ, ಬಿಡು!"

ತನ್ನ ಗಂಟಲೇ ಎಂದು ನಂಬಲು ಭಾನುವಿಗೆ ಒಂದು ಗಳಿಗೆ ಹಿಡಿಯಿತು. ಅವಳು ನಡೆದು ಬಂದು ಪೆಟ್ಟಿಗೆಯ ಮೇಲಿನ ಸ್ಲೇವನ್ನು ಎತ್ತಿಕೊಂಡಳು. ಅಕ್ಕನ ಕೈ ಹಿಡಿದಳು. "ಬಾ ದಿವ್ಯಕ್ಕ, ಒಳಗೆ ಬಾ."

ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು. ಕತ್ತಲೆ.

"ಫೋಟೋ ತೆಗೀರಿ!" ಒಳಗಿನಿಂದ ಕೂಗಿದಳು.

ಹೊರಗೆ ಟಪ್ ಎಂದಿತು. ಒಳಗೆ ಏನೂ ಆಗಲಿಲ್ಲ.

"ಹೆಣದ ಮುಂದೆ ಇದೇನಾಟ ಇದು!" ಎಂದಳು ಹೊರಗೆ ಮಾಯಮ್ಮ.

ಭಾನು ಬಾಗಿಲನ್ನು ಒಂದು ಬೆರಳಗಲ ತೆರೆದಳು. "ಇನ್ನೊಂದ್ಸಲ ತೆಗೀರಿ!"

ಟಪ್!

ಒಳಕೋಣೆ ಬೆಳ್ಳಗೆ ಮಿಂಚಿತು. ದಿವ್ಯ ಬಾಯಿಗೆ ಸೆರಗು ಒತ್ತಿಕೊಂಡಳು.

ಭಾನು ಬಾಗಿಲನ್ನು ಪೂರ್ತಿ ತೆರೆದು ಹೊರಬಂದಳು. ಸ್ಲೇವನ್ನು ಅಪ್ಪನ ಮುಂದೆ ಹಿಡಿದಳು.

"ಅವತ್ತು ಬಾಗಿಲು ಮುಚ್ಚಿರಲಿಲ್ಲ ಅಪ್ಪ. ನಾನು ತೆಗೆದಿದ್ದೆ. ಇವರು ಸ್ಟೇಜ್ ಮುಂದೆ ಇದ್ರು. ಯಾರ ಫೋಟೋನೂ ಕದ್ದಿರಲಿಲ್ಲ. ಮುಚ್ಚಿತ್ತು ಅಂತ ನಾನು ಸುಳ್ಳು ಹೇಳಿದೆ."

"ಯಾಕವ್ವ... ಯಾಕ್ ತೆಗ್ದೆ ಬಾಗ್ಲ?"

"ಇವರನ್ನ ನೋಡೋಕೆ."



ಚೆಲುವಯ್ಯನ ಕೈ ಕೊರಳಪಟ್ಟಿಯಿಂದ ಜಾರಿತು. ತಾಯಿಯ ಕಾಲ ಬಳಿ ಕುಸಿದು ಕೂತು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

"ನಿನ್ ಒಂದ್ ಮಾತ್ಗೆ ನಾನು ಮನ್ಸನ್ ಕಣ್ಣ ತೆಗ್ದ್‌ಬುಟ್ನಲ್ಲವ್ವ..." ಎಂದ. ತಾಯಿಯ ಕಾಲ ಮೇಲೆ ಕೈಯಿಟ್ಟು ಮತ್ತೆ ಎಂದ: "ಅವ್ವ ಮಣ್ಣಾದ್ಮೇಲೆ ನೀನು ಇಲ್ಲಿರ್ಬ್ಯಾಡ. ನಿನ್ ಮೊಕ ನೋಡ್ದಾಗ್ಲೆಲ್ಲ ನಂಗೆ ನನ್ ಕೈ ಗೆಪ್ತಿ ಬತ್ತದೆ."

ಜಯಕುಮಾರ್ ಭಾನುವಿನ ಕೈಯಿಂದ ಸ್ಲೇವನ್ನು ತೆಗೆದುಕೊಂಡ. ಅವಳ ಮುಖ ನೋಡಲಿಲ್ಲ.

"ಅಜ್ಜೀದು ಇನ್ನೊಂದ್ ಹೊಡೀತೀನಿ," ಎಂದ. "ಮೊದಲ್ನೇದ್ರಲ್ಲಿ ಜನ ಅಲ್ಲಾಡಿದ್ರು."

ಭಾನು ಬಿಡದಿಯಲ್ಲಿ ಜೊತೆಗೆ ಕೆಲಸ ಮಾಡುವ ಹಫೀಜಾಳ ರೂಮು ಸೇರಿದಳು. ತಿಂಗಳಾದ ಮೇಲೆ ಒಂದು ಭಾನುವಾರ ಬಸ್ಸು ಹತ್ತಿ ಮಾಗಡಿಗೆ ಹೋದಳು. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಒಂದೇ ಕೋಣೆಯ ಸ್ಟುಡಿಯೋ. ಗೋಡೆಯ ಮೇಲೆ ಮದುವೆಯ ಒಂದೂ ಫೋಟೋ ಇರಲಿಲ್ಲ. ಕಣ್ಣು ಮುಚ್ಚಿದ ಮುಖಗಳೇ.

"ಕ್ಷಮಿಸಿ ಅಂತ ಕೇಳೋಕೆ ಬಂದೆ," ಎಂದಳು.

"ಕ್ಷಮ್ಸಿದ್ದೀನಿ ಅಂತ ಹೇಳಕ್ಕಾಗಲ್ಲ." ಅವನು ತಲೆ ಎತ್ತಲಿಲ್ಲ. "ಸುಳ್ಳಾಯ್ತದೆ."

ಅವಳು ತಿರುಗಿದಳು.

"ಬಿಸ್ಲು ಜಾಸ್ತಿ ಐತೆ," ಎಂದ ಅವನು ಹಿಂದಿನಿಂದ. "ಕೂತ್ಕಂಡ್ ಹೋಗಿ."

ಅವಳು ಕೂತಳು. ಮುಂದಿನ ಭಾನುವಾರವೂ ಬಂದಳು. ಮೂರನೆಯ ಭಾನುವಾರ, ಅವನು ಲೋಟ ಹಿಡಿಯಲು ಹೋಗಿ ಲೋಟದ ಪಕ್ಕದ ಗಾಳಿಯನ್ನು ಹಿಡಿದದ್ದನ್ನು ನೋಡಿದಳು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯದು. ಸ್ಲೇವನ್ನು ಎಷ್ಟು ದೂರ ಇಡಬೇಕೆಂದು ಅವನಿಗೆ ಅಂದಾಜು ಸಿಗುತ್ತಿರಲಿಲ್ಲ. ಅಂದಿನಿಂದ ಅವಳು ಹೆಜ್ಜೆ ಎಣಿಸಿ ಇಡತೊಡಗಿದಳು. ಸತ್ತವರ ಮನೆಗಳಿಗೆ ಜೊತೆಯಲ್ಲಿ ಹೋದಳು. ಹೆಣದ ಸುತ್ತ ನಾಲ್ಕು ಹೆಜ್ಜೆ, ಐದು ಹೆಜ್ಜೆ... ಇಂಥ ಜಾಗದಲ್ಲಿ ಪ್ರೀತಿ ಬೆಳೆಯುತ್ತದೆಯೇ? ಬೆಳೆಯಿತು.

ಒಂದು ಸಂಜೆ ಅವನೇ ಮದುವೆಯ ಮಾತು ತೆಗೆದ. "ಕನಿಕರಕ್ಕಾದ್ರೆ ಬರ್ಬೇಡಿ. ಋಣಕ್ಕಾದ್ರೂ ಬರ್ಬೇಡಿ."

"ಅವತ್ತು ಬಾಗಿಲು ತೆಗೆದಾಗ ನಿಮಗೆ ಎರಡೂ ಕಣ್ಣಿದ್ವು," ಎಂದಳು ಭಾನು. "ಯಾವ ಋಣನೂ ಇರಲಿಲ್ಲ. ಆಗಲೇ ನೋಡಿದ್ದು."

ಅವನು ಸ್ಲೇವನ್ನು ಎತ್ತಿ ಅವಳ ಕೈಗೆ ಕೊಟ್ಟ.

ಮದುವೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ದಿವ್ಯ ಸಾಕ್ಷಿ ಹಾಕಿದಳು. ಅಪ್ಪ ಬರಲಿಲ್ಲ. ದಿವ್ಯ ಕಂಡಕಂಡವರಿಗೆಲ್ಲ ಬಾಗಿಲಿನ ಕಥೆ ಹೇಳಿದ್ದಳು. ನಂಬಿದವರು ನಂಬಿದರು, ಉಳಿದವರು ಸುಮ್ಮನಾದರು. ಐದು ವರ್ಷಗಳಲ್ಲಿ ಮೊದಲ ಸಲ ಮರಳವಾಡಿಯಿಂದ ಒಂದು ಮದುವೆಗೆ ಕರೆ ಬಂತು.

ಹೊರಡುವ ಬೆಳಿಗ್ಗೆ ಅವನು ಹೊರಗೆ ಬೈಕಿಗೆ ಬ್ಯಾಗು ಕಟ್ಟುತ್ತಿದ್ದ. "ಭಾನು, ಮೇಲಿನ ಶೆಲ್ಫ್‌ನಲ್ಲಿ ಸೆಲ್ ಐತೆ ನೋಡು!"

ಸ್ಟೂಲು ಹತ್ತಿ ತಡಕಿದಳು. ಹಿಂದೆ, ಗೋಡೆಗೆ ಅಂಟಿಕೊಂಡಂತೆ ಒಂದು ರಟ್ಟಿನ ಡಬ್ಬಿ. ಒಳಗೆ ಒಡೆದ ಬಿಳಿ ಪೆಟ್ಟಿಗೆಯ ಚೂರುಗಳು. ಅದರಡಿಯಲ್ಲಿ ಒಂದು ಫೋಟೋ.

ಛತ್ರದ ಸ್ಟೇಜು. ಗಂಡಿನ ಕಡೆಯ ಹಿರಿಯರು ಸಾಲಾಗಿ ನಿಂತಿದ್ದಾರೆ. ಅವರ ಹಿಂದೆ, ಎಡಕ್ಕೆ, ಒಂದು ಬಾಗಿಲು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆರಳಗಲದ ಬೆಳ್ಳನೆಯ ಗೆರೆ, ಒಳಗಿನ ಸ್ಲೇವಿನ ಬೆಳಕು. ಆ ಗೆರೆಯಲ್ಲಿ ಅರ್ಧ ಮುಖ. ಒಂದು ಕಣ್ಣು. ನೇರ ಕ್ಯಾಮೆರಾದ ಕಡೆಗೆ ನೋಡುತ್ತಿರುವ ತನ್ನದೇ ಕಣ್ಣು!

ಭಾನು ಸ್ಟೂಲಿನ ಮೇಲೇ ಗೋಡೆ ಹಿಡಿದುಕೊಂಡಳು.

ಏಟು ಬೀಳುವಾಗ ಅವನು ಅವುಚಿಕೊಂಡಿದ್ದ ಕ್ಯಾಮೆರಾ... ಅದರೊಳಗೆ ಇದಿತ್ತು. ಇದೊಂದನ್ನು ತೋರಿಸಿದ್ದರೆ ಸಾಕಿತ್ತು. ಪೊಲೀಸಿಗೆ, ಊರಿಗೆ, ಅಪ್ಪನಿಗೆ. ಆದರೆ ತೋರಿಸಿದ್ದರೆ ಎಲ್ಲರೂ ಮೊದಲು ನೋಡುತ್ತಿದ್ದದ್ದು ಈ ಕಣ್ಣನ್ನು. ಚೆಲುವಯ್ಯನ ಮಗಳು ಯಾರನ್ನು ನೋಡುತ್ತಿದ್ದಳು ಎಂದು ಮಾತಾಡಿಕೊಳ್ಳುತ್ತಿದ್ದರು.

ಅವನು ತೋರಿಸಲಿಲ್ಲ. ಐದು ವರ್ಷ ಹೆಣಗಳ ಫೋಟೋ ತೆಗೆದ. ಫೋಟೋದ ಮೂಲೆಗಳು ಬೆರಳಾಡಿ ಬೆರಳಾಡಿ ಮೆತ್ತಗಾಗಿದ್ದವು.

"ಸಿಕ್ತಾ?" ಹೊರಗಿನಿಂದ ಕೇಳಿದ.

ಅವಳು ಫೋಟೋವನ್ನು ಇದ್ದ ಹಾಗೇ ಇಟ್ಟಳು. ಚೂರುಗಳನ್ನು ಇದ್ದ ಹಾಗೇ ಮುಚ್ಚಿದಳು. ಡಬ್ಬಿಯನ್ನು ಗೋಡೆಗೆ ಒತ್ತಿದಳು. ಕಣ್ಣು ಒರೆಸಿಕೊಂಡಳು.

"ಸಿಕ್ತು ರೀ, ಬಂದೆ!"

ಹೊರಗೆ ಬಂದು ಸೆಲ್ಲುಗಳನ್ನು ಅವನ ಅಂಗೈಯಲ್ಲಿಟ್ಟಳು. ಅವನು ಮುಖವನ್ನು ಹತ್ತಿರ ತಂದು, ಎಡಗಣ್ಣಿನಿಂದ ಅವಳನ್ನೇ ನೋಡಿದ.

"ಯಾಕೆ, ಕಣ್ಣು ಕೆಂಪಗೈತೆ?"

"ಧೂಳು. ಆ ಶೆಲ್ಫು ಗುಡಿಸಿ ಎಷ್ಟು ದಿನ ಆಯ್ತು?"

"ಅದನ್ನ ನಾನೇ ಗುಡಿಸ್ತೀನಿ," ಎಂದ ಅವನು, ಸ್ವಲ್ಪ ಅವಸರದಲ್ಲಿ. "ನೀನು ಕೈ ಹಾಕ್ಬೇಡ."

"ಹಾಕಲ್ಲ."

ಅವಳು ಹಿಂದೆ ಕೂತು ಅವನ ಬೆನ್ನಿಗೆ ಕೆನ್ನೆ ಒರಗಿಸಿದಳು. ಬೈಕು ಬಸ್‌ಸ್ಟ್ಯಾಂಡು ದಾಟಿತು. ಒಂದು ಕಣ್ಣು ಕಳೆದುಕೊಂಡ ಮೇಲೂ ಅವನು ಕಾಪಾಡಿಕೊಂಡು ಬಂದ ಗುಟ್ಟು ಅದೊಂದೇ. ಅದನ್ನು ಅವನ ಕೈಯಿಂದ ಕಿತ್ತುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಆ ಬೆಳಿಗ್ಗೆ ಶೆಲ್ಫಿನ ಮೇಲೆ ಕಂಡದ್ದನ್ನು ದಿವ್ಯಕ್ಕನಿಗಾಗಲಿ, ಹಫೀಜಾಳಿಗಾಗಲಿ, ಮುಂದೆಂದಾದರೂ ಮುಖ ನೋಡಲು ಒಪ್ಪಿದರೆ ಅಪ್ಪನಿಗಾಗಲಿ, ಕೊನೆಗೆ ಇವನಿಗಾಗಲಿ, ಎಂದೆಂದಿಗೂ ಹೇಳಬಾರದೆಂದು ಭಾನು ನಿರ್ಧರಿಸಿದಳು.