ಬೆಳಕು ನೋಡಲು ಕೂತವನು

"ಆ ಕಲ್ಲುಬೆಂಚಿನ ಮೇಲೆ ಕೂತು ಫೋಟೊ ತೆಗೆಸ್ಕೋಬೇಡಿ ಸ್ವಾಮಿ. ಕೂತೋರು ಎದ್ದಿಲ್ಲ," ಎಂದ ಮಾಲಿ ತಾತ.

ಕ್ಲಿಕ್ ಮಾಮ ನಕ್ಕ. ಅದೇನು ಸಣ್ಣ ನಗೆಯೇ? ತೋಟದ ಅಷ್ಟೂ ಹಕ್ಕಿಗಳು ಒಂದೇ ಸಲಕ್ಕೆ ಹಾರಿಹೋದವು. ಅವುಗಳಲ್ಲಿ ಅರ್ಧ ಇನ್ನೂ ವಾಪಸು ಬಂದಿಲ್ಲವಂತೆ.

"ಏಳದಿದ್ರೆ ಇನ್ನೂ ಒಳ್ಳೇದು ತಾತ! ಇಪ್ಪತ್ತು ವರ್ಷದಿಂದ 'ಅಲ್ಲಾಡಬೇಡಿ, ಅಲ್ಲಾಡಬೇಡಿ' ಅಂತ ಕಿರುಚಿ ಗಂಟಲು ಹರ್ಕೊಂಡಿದೀನಿ. ಅಲ್ಲಾಡದೆ ಕೂರೋರು ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ."

ಕ್ಲಿಕ್ ಮಾಮ ಎಂದರೆ ಯಾರೆಂದುಕೊಂಡಿರಿ? ಸಾವಿರದ ನೂರು ಮದುವೆಗಳನ್ನು ಕ್ಯಾಮೆರಾದೊಳಗೆ ತುಂಬಿದ ಗಂಡು. ಅವನು ಕ್ಯಾಮೆರಾ ಎತ್ತಿದರೆ ಮುನಿಸಿಕೊಂಡ ಬೀಗರು ಹಲ್ಲು ಕಿರಿಯುತ್ತಿದ್ದರು. ಗೋಡೆಯ ಮೇಲಿನ ಹಲ್ಲಿ ಬಾಲ ಸರಿಮಾಡಿಕೊಳ್ಳುತ್ತಿತ್ತು. ಮದುಮಗಳ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು, "ಗದ್ದ ಸ್ವಲ್ಪ ಮೇಲೆ... ಈಗ ನಗು" ಎಂದನೆಂದರೆ ಕಲ್ಲೂ ನಗಬೇಕು. ಇವತ್ತಂತೂ ಅವನ ಎದೆ ಒಂದು ಗೇಣು ಹೆಚ್ಚೇ ಉಬ್ಬಿತ್ತು. ಮದುಮಗಳು ಬೇರೆ ಯಾರೂ ಅಲ್ಲ, ಅವನ ಅಕ್ಕನ ಮಗಳು. ಹೆಂಡತಿ ಮಕ್ಕಳಿಲ್ಲದ ಅವನು ಹೆಗಲ ಮೇಲೆ ಹೊತ್ತು ಬೆಳೆಸಿದ ಕೂಸು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅಕ್ಕ. ಸ್ಟುಡಿಯೊದಲ್ಲಿ ಇಪ್ಪತ್ತು ವರ್ಷದಿಂದ ಜೊತೆಗಾರ ಭಾವ. ಅವನ ಲೋಕವೆಂದರೆ ಆ ಮೂವರೇ.

ತೋಟ ಮದುಮಗನ ಮನೆಯವರದು. ಇನ್ನೂರು ವರ್ಷದ ಬಂಗಲೆ. ಅದರ ಹಿಂದೆ ಆನೆ ನಿಂತರೂ ಕಾಣದಷ್ಟು ಎತ್ತರದ ಬೇಲಿಗಿಡಗಳು. ಆ ಗಿಡಗಳ ನಡುವಿನ ಓಣಿಯಲ್ಲಿ ನಡುಹಗಲಿಗೂ ಕತ್ತಲೆ. ಓಣಿಯ ಕೊನೆಗೆ ಬತ್ತಿದ ಕಾರಂಜಿ. ಅದರ ಪಕ್ಕ ಪಾಚಿ ಕಟ್ಟಿದ ಕಲ್ಲುಬೆಂಚು. ಬೆಂಚಿನ ಮೇಲೆ ಒಂದು ತರಗೆಲೆಯೂ ಬಿದ್ದಿರಲಿಲ್ಲ. ಗಾಳಿಗೆ ಅಲ್ಲಿಗೆ ಬರಲು ಧೈರ್ಯವಿಲ್ಲದಂತಿತ್ತು. ಸುತ್ತ ಹಸಿ ಮಣ್ಣಿನ ವಾಸನೆ, ಅದರಡಿಗೆ ಹೂವು ಕೊಳೆತ ಸಿಹಿ ನಾತ.

"ಮೊದಲ ಯಜಮಾನ ಹೆಂಡ್ತೀನ ಇಲ್ಲಿ ಕೂರಿಸಿ, 'ಅಲ್ಲಾಡಬೇಡ, ಈಗ ಬಂದೆ' ಅಂತ ಹೋದ," ಎಂದ ತಾತ, ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಳ್ಳುತ್ತ. "ಹೋದೋನು ಇನ್ನೊಬ್ಬಳ ಜೊತೆ ಗಾಡಿ ಹತ್ತಿದ. ಈಕೆ ನಂಬಿ ಕೂತಳು. ಹಾಗೇ ಸತ್ತಳು. ಅಲ್ಲಿಂದಾಚೆ ಈ ಮನೆಗೆ ಬಂದ ಸೊಸೇರನ್ನೆಲ್ಲ ಇಲ್ಲಿ ಕೂರಿಸಿ ಫೋಟೊ ತೆಗೀತಾರೆ. ಹಾಲ್ ಗೋಡೆ ನೋಡಿದ್ರಾ?"

ನೋಡಿದ್ದ. ಆರು ಮದುಮಗಳಂದಿರ ಫೋಟೊಗಳು. ಆರೂ ಇದೇ ಬೆಂಚಿನ ಮೇಲೆ.

"ಗೋಡೆ ಮೇಲೆ ಆರು ಜನ. ಮನೆ ಒಳಗೆ ಒಬ್ಬಳಾದ್ರೂ ಕಂಡಳಾ ಸ್ವಾಮಿ?"

ಕ್ಲಿಕ್ ಮಾಮ ಯೋಚಿಸಿದ. ಮದುಮಗನ ತಂದೆ, ಚಿಕ್ಕಪ್ಪಂದಿರು, ದೊಡ್ಡಪ್ಪ. ಎಲ್ಲ ಗಂಡಸರೇ. ಅಷ್ಟಕ್ಕೇ ಯೋಚನೆ ಮುಗಿಸಿ, "ಅಡುಗೆಮನೇಲಿ ಇರ್ತಾರೆ ಬಿಡು" ಎಂದು ಮತ್ತೆ ನಕ್ಕ.

ಓಣಿಯಿಂದ ಭಾವ ಬಂದ. ಅವನ ಬೋಳುತಲೆ ಬೆವರಿತ್ತು.

ಇಬ್ಬರ ಕೆಲಸಕ್ಕೊಂದು ಪದ್ಧತಿಯಿತ್ತು. ಜೋಡಿಯನ್ನು ಕರೆಯುವ ಮೊದಲು ಆ ಜಾಗದಲ್ಲಿ ಒಬ್ಬರನ್ನು ಕೂರಿಸಿ ಬೆಳಕು ನೋಡುವುದು. ಸಾವಿರದ ನೂರು ಮದುವೆಗಳಲ್ಲೂ ಕೂತವನು ಭಾವ, ಕ್ಯಾಮೆರಾ ಹಿಡಿದವನು ಇವನು. "ಭಾವನ ತಲೆ ಇದ್ರೆ ಬೇರೆ ಲೈಟೇ ಬೇಡ" ಎಂಬುದು ಸಾವಿರದ ನೂರು ಸಲ ಹೇಳಿದ ಜೋಕು.

"ಇವತ್ತು ನೀನು ಕೂತ್ಕೋ," ಎಂದ ಭಾವ. "ಮಗಳ ಮದುವೆ. ಇಲ್ಲಿನ ಮೊದಲ ಫೋಟೊ ನಾನೇ ತೆಗೀತೀನಿ. ಕ್ಯಾಮೆರಾ ಕೊಡು."

"ಓಹೋ, ಮಾವನವರಾದ ಜಂಭ! ತಗೊಳ್ಳಿ. ನನ್ನ ಮುಖ ನೋಡಿ ಕ್ಯಾಮೆರಾ ಒಡೆದ್ರೆ ನಾನು ಜವಾಬ್ದಾರ ಅಲ್ಲ."

"ಬೇಡ ಸ್ವಾಮಿ..." ಎಂದ ತಾತ. ಭಾವ ಅವನತ್ತ ಒಮ್ಮೆ ನೋಡಿದ. ತಾತ ಒಂದು ಹೆಜ್ಜೆ ಹಿಂದೆ ಸರಿದ.

ಕ್ಲಿಕ್ ಮಾಮ ಕಾಲ ಮೇಲೆ ಕಾಲು ಹಾಕಿ ಮಹಾರಾಜನಂತೆ ಕೂತ. ಕಲ್ಲು ಬಿಸಿಲಲ್ಲಿದ್ದರೂ ಮಂಜಿನಷ್ಟು ತಣ್ಣಗಿತ್ತು. ಕತ್ತಿನಲ್ಲಿ ಮತ್ತೆ ಆ ಚುಚ್ಚು. ಬೆಳಗ್ಗೆ ಅಕ್ಕ ತಾನೇ ಹೊಲಿದ ಆಕಾಶನೀಲಿ ಅಂಗಿ ತೊಡಿಸಿದಾಗಲೇ ಹೇಳಿದ್ದ, "ಕಾಲರ್ ಚುಚ್ತಿದೆ ಕಣೇ ಅಕ್ಕಾ." ಅವಳು ಅವನ ಕಣ್ಣು ತಪ್ಪಿಸಿ, "ಹೊಸ ಬಟ್ಟೆ, ಚುಚ್ಚದೆ ಇರುತ್ತಾ? ಸಂಜೆ ತನಕ ಬಿಚ್ಚಬೇಡ, ನನ್ನಾಣೆ" ಎಂದಿದ್ದಳು.

"ಅಲ್ಲಾಡಬೇಡ," ಎಂದ ಭಾವ. "ಈಗ ಬಂದೆ."

ಕ್ಲಿಕ್.

ಒಂದು ಕ್ಷಣ ಶಬ್ದವೆಲ್ಲ ನಿಂತಿತು. ಬಂಗಲೆಯ ಕಡೆಯ ಗದ್ದಲ, ಎಲೆಯ ಸರಸರ, ತನ್ನದೇ ಉಸಿರು. ಭಾವ ಕ್ಯಾಮೆರಾದ ಹಿಂಬದಿಯ ಪರದೆ ನೋಡಿದ. ತಲೆಯೆತ್ತಿ ಬೆಂಚಿನತ್ತ ನೋಡಿದ; ನೋಟ ಕ್ಲಿಕ್ ಮಾಮನನ್ನು ಕಾಣದೆ ಹಾದುಹೋಯಿತು. ಅವನ ಮುಖ ಸುಣ್ಣವಾಯಿತು. ಅವನು ಓಡಲಿಲ್ಲ, ಕೂಗಲಿಲ್ಲ. ಎರಡೂ ಕೈ ಮುಗಿದ. ಆಮೇಲೆ ಬೆನ್ನು ತಿರುಗಿಸಿ ಓಣಿಯ ಕತ್ತಲೆಗೆ ನಡೆದುಬಿಟ್ಟ.

"ಭಾವಾ!"

ಬಾಯಿ ತೆರೆಯಿತು. ಧ್ವನಿ ಬರಲಿಲ್ಲ. ಏಳಲು ಹೋದ. ಸೊಂಟದ ಕೆಳಗೆ ಏನೂ ಇಲ್ಲ. ಇದ್ದದ್ದು ಬರೀ ತಣ್ಣನೆಯ ಭಾರ. ಕೊಳೆತ ಹೂವಿನ ನಾತ ಹತ್ತಿರ ಬಂತು. ಇನ್ನೂ ಹತ್ತಿರ. ಎಡಗಡೆ ಬೆಂಚಿನ ಮೇಲೆ ಬಟ್ಟೆ ಸಣ್ಣಗೆ ಸರ್ ಎಂದಿತು. ಯಾರೋ ಸರಿದು ಜಾಗ ಮಾಡಿಕೊಟ್ಟ ಹಾಗೆ.

ತಾತನ ಕಣ್ಣಿಗೆ ಮಾತ್ರ ಅವನಿನ್ನೂ ಕಾಣುತ್ತಿದ್ದ. ಹತ್ತಿರ ಬಂದು ಕಾಲರ್ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ.

"ಈ ಅಂಗಿ ಹೊಲಿದೋರು ಯಾರು ಸ್ವಾಮಿ?"

ಕ್ಲಿಕ್ ಮಾಮ ಬೆರಳಲ್ಲಿ ಕಾಲರಿನ ಒಳಬದಿ ತಡವಿದ. ಅಲ್ಲೊಂದು ಗಂಟು. ಮೂರು ಹೊಲಿಗೆಗೊಮ್ಮೆ ಹಿಂದಕ್ಕೆ ಬರುವ ಹೊಲಿಗೆ. ಶಾಲೆಯ ಚೀಲ ಹರಿದಾಗಲೆಲ್ಲ ಅಕ್ಕ ಹಾಕಿಕೊಡುತ್ತಿದ್ದ ಹೊಲಿಗೆ. ಒಂದೆಳೆ ಕಿತ್ತ. ಕರಿದಾರದ ಏಳು ಗಂಟು, ಗಂಟಿನೊಳಗೆ ಬೂದಿ, ಬೂದಿಗೆ ಮೆತ್ತಿದ ಕೂದಲು. ಅವನದೇ. ಹೋದ ವಾರ, "ಕರಡಿ ಹಾಗೆ ಬೆಳೆಸಿದೀಯಲ್ಲೋ" ಎಂದು ಅಕ್ಕ ಕತ್ತಿನ ಹಿಂದೆ ಕತ್ತರಿಸಿದ್ದು.

"ಬದಲಿ ಕೊಡೋ ಮಾಟ ಇದು," ಎಂದ ತಾತ ಪಿಸುದನಿಯಲ್ಲಿ. "ಹುಡುಗಿ ಹಟ ಬಿಡಲಿಲ್ಲ, ಈ ಮನೆಗೇ ಬರ್ತೀನಿ ಅಂದಳು. ಗೋಡೆ ಕಥೆ ನಿಮ್ಮ ಭಾವನಿಗೆ ಹೇಳಿದೋನು ನಾನೇ. ಮದುಮಗಳ ರಕ್ತದೋರು ಮೊದಲು ಕೂತ್ರೆ ಅವಳನ್ನ ಬಿಡುತ್ತೆ. ತಾಯಿ ಕೂರ್ತಾಳೆ ಅಂದ್ಕೊಂಡಿದ್ದೆ. ನಿಮ್ಮನ್ನ ಕಳಿಸ್ತಾರೆ ಅಂತ ಗೊತ್ತಿರಲಿಲ್ಲ." ಅವನು ಓಣಿಯತ್ತ ನೋಡಿದ. "ಅವರು ಬರೋದ್ರೊಳಗೆ ಗಂಟು ಕಿತ್ತೆಸೀರಿ. ಎದ್ದು ಹೋಗ್ತೀರಿ. ಆದ್ರೆ ಜಾಗ ಖಾಲಿ ಇರಲ್ಲ. ಮುಂದೆ ಕೂರೋಳನ್ನ ಹಿಡಿಯುತ್ತೆ."

ಓಣಿಯಲ್ಲಿ ಹೆಜ್ಜೆಗಳು. ನಗು. ಬಟ್ಟೆಯ ಸರಪರ.

ಕ್ಲಿಕ್ ಮಾಮ ಗಂಟನ್ನು ಮುಷ್ಟಿಯಲ್ಲಿ ಹಿಡಿದ. ಎಳೆದ. ಒಂದು ಹೊಲಿಗೆ ಕಿತ್ತುಬಂತು. ಕಾಲಿನ ಹೆಬ್ಬೆರಳಿಗೆ ಜೀವ ಬಂತು. ಇನ್ನೊಂದು ಕಿತ್ತುಬಂತು. ಮೊಣಕಾಲು ಬಿಸಿಯಾಯಿತು. ಇನ್ನೊಂದೇ ಒಂದು.

ಮದುಮಗಳು ಓಣಿಯಿಂದ ಹೊರಬಂದಳು. ಅವಳ ಕಣ್ಣಿಗೆ ಬೆಂಚು ಖಾಲಿ.

"ಮಾಮ ಎಲ್ಲಮ್ಮಾ? ಮಾಮ ಇಲ್ಲದೆ ನಾನು ಕೂರಲ್ಲ. ಗದ್ದ ಎತ್ತೋರು ಯಾರು?"

"ಅವನಿಗೆ ಏನೋ ತುರ್ತು ಕೆಲಸ ಬಂತಂತೆ, ಹೋದ," ಎಂದಳು ಅಕ್ಕ. ಎಷ್ಟು ಸಲೀಸಾಗಿ ಎಂದಳು! ಉಸಿರು ಕೂಡ ಮುಗ್ಗರಿಸಲಿಲ್ಲ. "ನೀನು ಕೂತ್ಕೋ ಪುಟ್ಟಾ."

ಕೇಳಿದ್ದರೆ ಕೊಡುತ್ತಿದ್ದೆನಲ್ಲೇ ಅಕ್ಕಾ! ಒಂದು ಮಾತು. ಒಂದೇ ಒಂದು ಮಾತು ಕೇಳಿದ್ದರೆ ಕುಣಿಯುತ್ತ ಬಂದು ಕೂರುತ್ತಿದ್ದೆನಲ್ಲೇ! ಒಳಗೊಳಗೇ ಕಿರುಚಿದ. ಕಲ್ಲು ಕೂಡ ಬಿರಿಯುವಂಥ ಕಿರುಚು. ಯಾರಿಗೂ ಕೇಳಿಸಲಿಲ್ಲ.

ಮದುಮಗಳು ಬೆಂಚಿನತ್ತ ಬಂದಳು. ನಾಲ್ಕು ಹೆಜ್ಜೆ. ಮೂರು. ಮುಷ್ಟಿಯಲ್ಲಿ ಗಂಟು. ಎರಡು. ಹೆಗಲ ಮೇಲೆ ಕೂತು ಇವನ ಕೂದಲನ್ನೇ ಲಗಾಮು ಮಾಡಿಕೊಂಡಿದ್ದ ಕೂಸು. ಒಂದು.

ಮುಷ್ಟಿ ಬಿಚ್ಚಿದ.

ಕಿತ್ತುಬಂದಿದ್ದ ಹೊಲಿಗೆಗಳು ತಾವೇ ಹುಳುವಿನಂತೆ ತೆವಳಿ ಬಿಗಿದುಕೊಂಡವು. ಮೊಣಕಾಲು ಕಲ್ಲಾಯಿತು. ಹೆಬ್ಬೆರಳು ಕಲ್ಲಾಯಿತು. ಅವಳು ಅವನ ಬಲಕ್ಕೆ ಕೂತಳು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. "ಅಬ್ಬಾ, ಎಷ್ಟು ತಣ್ಣಗಿದೆ!" ಎಂದು ನಕ್ಕಳು. ಮದುಮಗ ಬಂದು ಹಿಂದೆ ನಿಂತ. ಅವನ ತಂದೆ, ಚಿಕ್ಕಪ್ಪಂದಿರು, ದೊಡ್ಡಪ್ಪ ಸಾಲಾಗಿ ನಿಂತರು. ಕೊನೆಗೆ ಅಕ್ಕ ಬಂದು ಕ್ಲಿಕ್ ಮಾಮನ ಎದುರಿಗೇ ನಿಂತಳು. ಅವಳ ಕಣ್ಣು ಸರಿಯಾಗಿ ಅವನ ಕಾಲರ್ ಇದ್ದ ಜಾಗದ ಮೇಲೆ ಇಳಿಯಿತು. ಅಲ್ಲೇ ಒಂದು ಕ್ಷಣ ನಿಂತಿತು. ಈಗಲಾದರೂ ಅಳುತ್ತಾಳೆ, ಒಂದು ಹನಿಯಾದರೂ, ಎಂದು ಅವನು ಕಾದ.

ಅವಳು ಬೆನ್ನು ತಿರುಗಿಸಿ ಸಾಲಿನಲ್ಲಿ ಸೇರಿದಳು.

"ಎಲ್ಲ ಬಂದ್ರಾ?" ಎಂದ ಭಾವ, ಕ್ಯಾಮೆರಾದ ಹಿಂದಿನಿಂದ.

"ಎಲ್ಲ ಬಂದ್ರು," ಎಂದಳು ಅಕ್ಕ.

ಎಡಗಡೆಯಿಂದ ಎರಡು ತಣ್ಣನೆಯ ಬೆರಳು ಬಂದು, ತುಂಬ ಮೆಲ್ಲಗೆ, ಕ್ಲಿಕ್ ಮಾಮನ ಗದ್ದವನ್ನು ಸ್ವಲ್ಪ ಮೇಲಕ್ಕೆತ್ತಿದವು.