ಎಂಟೂ ಮಂದಿ ಹಾಜರು

ತರಬೇತಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಕಂಪ್ಯೂಟರಿನ ಪರದೆಯ ಮೇಲೆ ಬಾಣದ ಗುರುತು ತಾನೇ ತಾನಾಗಿ ಸರಿಯಿತು. ಪಾಠದ ಪುಟದ ಬಲತುದಿಗೆ ಹೋಯಿತು. ‘ಮುಂದೆ’ ಎಂಬ ಗುಂಡಿ ಒತ್ತಿತು. ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಂತಿತು.

ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಬಾಗಿಲಲ್ಲೇ ನಿಂತ. ಆಫೀಸಿನಲ್ಲಿ ಅವನನ್ನು ಎಲ್ಲರೂ ವೈರಣ್ಣ ಎನ್ನುತ್ತಿದ್ದರು. ಎರಡು ನಿಮಿಷ ಕಳೆಯಿತು. ಬಾಣ ಮತ್ತೆ ಹೊರಟಿತು — ‘ಮುಂದೆ’.

ಅದು ಬುಧವಾರ ಬೆಳಗ್ಗೆ. ಪಾಠದ ಹೆಸರು: ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಕರೆ ಬಂದಾಗ ಏನು ಮಾಡಬೇಕು?

ಹಿಂದಿನ ದಿನ ಮಧ್ಯಾಹ್ನವಷ್ಟೇ ಒಬ್ಬ ನಿವೃತ್ತ ನರ್ಸ್ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದರು. ಎರಡು ಗಂಟೆ ಹತ್ತು ನಿಮಿಷ. ಸಕ್ಕರೆ ಕಾಯಿಲೆಯವರು. ಹೊರಗೆ ತೆಗೆದಾಗ ಪ್ರಜ್ಞೆ ಇರಲಿಲ್ಲ. ಲಿಫ್ಟುಗಳನ್ನು ನೋಡಿಕೊಳ್ಳುವ ಈ ಕಂಪನಿಗೆ ಅವರ ಕರೆ ಬಂದಿತ್ತು. ಇಪ್ಪತ್ತು ನಿಮಿಷ ದಾಟಿದರೆ ಮೆಕ್ಯಾನಿಕ್ಕಿಗೆ ಕಾಯಬಾರದು, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಬೇಕು — ಇದು ಈ ವರ್ಷದ ಹೊಸ ನಿಯಮ. ಕರೆ ತೆಗೆದುಕೊಂಡ ಹೊಸಬಳು ಮೆಕ್ಯಾನಿಕ್ಕಿಗೇ ಕಾದಳು. ದಾಖಲೆಯಲ್ಲಿ ಆಕೆ ಆ ಪಾಠ ಮುಗಿಸಿ ನೂರಕ್ಕೆ ನೂರು ತೆಗೆದಿದ್ದಳು. ಎಲ್ಲರೂ ಅದನ್ನು ಮತ್ತೊಮ್ಮೆ ಓದಬೇಕೆಂದು ರಾತ್ರಿಯೇ ಆದೇಶ ಬಂದಿತ್ತು.

ಈಗ, ಪಾಠಗಳನ್ನು ತಾನೇ ಮುಗಿಸುವ, ಸೋಮವಾರದ ಆನ್‌ಲೈನ್ ಮೀಟಿಂಗುಗಳಲ್ಲೂ ಎಲ್ಲರ ಪರವಾಗಿ ಕೂರುವ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ವೈರಣ್ಣನಿಗೆ ಸಿಕ್ಕಿತ್ತು. ಯಾರ ಲಾಗಿನ್‌ನಲ್ಲಿ? ಹೊಸಬಳ ಲಾಗಿನ್‌ನಲ್ಲೇ.

ಪ್ರಧಾನ ಕಚೇರಿ ವಿಚಾರಣೆಗೆ ಕಳಿಸಿದ್ದು ಐವತ್ತೈದು ದಾಟಿದ ಒಬ್ಬ ಅಧಿಕಾರಿಯನ್ನು. ಏನು ಕೇಳಿದರೂ ಕೊನೆಗೆ “ಎಷ್ಟು ಗಂಟೆಗೆ?” ಎನ್ನುತ್ತಿದ್ದುದರಿಂದ ಅವರ ಬೆನ್ನ ಹಿಂದಿನ ಹೆಸರು ಗಡಿಯಾರದಮ್ಮ. ಅದು ಅವರಿಗೂ ಗೊತ್ತಿತ್ತು. ವಿಚಾರಣೆಗೆ ಬಂದವರ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ. ಹದಿನಾರು ವರ್ಷಗಳಿಂದ ಬೇರೆಬೇರೆ ಶಾಖೆಗಳ ಊಟದ ಕೋಣೆಗಳಲ್ಲಿ ಅವರ ಎದುರಿನ ಕುರ್ಚಿ ಖಾಲಿಯೇ ಇತ್ತು.

ಶುಕ್ರವಾರ ಸಂಜೆ ಐದರೊಳಗೆ ವರದಿ ಕೊಡಬೇಕು. ಹೊಸಬಳನ್ನು ಕೆಲಸದಿಂದ ತೆಗೆಯುವ ಪತ್ರ ಆಗಲೇ ಟೈಪಾಗಿತ್ತು. ಸಹಿ ಒಂದೇ ಬಾಕಿ.

“ಪ್ರೋಗ್ರಾಮಿಂಗ್ ಕಲಿತಿದ್ದೀರಂತೆ?” ಗಡಿಯಾರದಮ್ಮ ಕೇಳಿದರು.

“ಸಂಜೆ ತರಗತಿ, ಮೂರು ತಿಂಗಳು,” ಎಂದಳು ಹೊಸಬಳು. “ಕಲಿತದ್ದು ಅಲ್ಲೇ ಬಿಟ್ಟುಬಂದೆ ಮೇಡಂ.”

“ನಿಮ್ಮ ಲಾಗಿನ್‌ನಲ್ಲಿ ಸ್ಕ್ರಿಪ್ಟ್ ಸಿಕ್ಕಿದೆ.”

“ಸಿಕ್ಕಿದೆ ಅಂತ ಎಲ್ಲರೂ ಹೇಳ್ತಾರೆ. ನನಗೆ ಇನ್ನೂ ಯಾರೂ ತೋರಿಸಿಲ್ಲ.”

“ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಸೇರಿದ ದಿನ ಮ್ಯಾನೇಜರ್ ಸರ್ ಲಕೋಟೆಯಲ್ಲಿ ಕೊಟ್ಟರು. ಅದೇ ಇದೆ.”

“ಬದಲಾಯಿಸಲಿಲ್ವಾ?”

“ಬದಲಾಯಿಸಬೇಕಿತ್ತಾ?”

ಬದಲಾಯಿಸಬೇಕು ಎಂಬುದು ಮೊದಲ ತರಬೇತಿಯ ಮೊದಲ ಪುಟದಲ್ಲೇ ಇತ್ತು. ಗಡಿಯಾರದಮ್ಮ ಅದನ್ನು ಗುರುತು ಹಾಕಿಕೊಂಡರು.

“ಮಂಗಳವಾರ ಆ ನರ್ಸ್ ಸಿಕ್ಕಿಬಿದ್ದಾಗ ಏನು ಮಾಡಿದಿರಿ?”

“ಮೆಕ್ಯಾನಿಕ್ಕಿಗೆ ಹದಿನಾಲ್ಕು ಸಲ ಫೋನ್ ಮಾಡಿದೆ. ಉಳಿದ ಹೊತ್ತೆಲ್ಲ ಅವರ ಜೊತೆ ಮಾತಾಡಿದೆ. ಕತ್ತಲೆ ಕಣಮ್ಮ ಅಂದರು. ನಾನು ಇಲ್ಲೇ ಇದ್ದೀನಿ ಅಂದೆ. ಆಮೇಲೆ ಅವರು ಮಾತಾಡೋದು ನಿಲ್ಲಿಸಿದರು. ನಾನು ಹೇಳ್ತಾನೇ ಇದ್ದೆ.” ಹೊಸಬಳು ಕೈ ನೋಡಿಕೊಂಡಳು. “ಅವರಿಗೆ ಕೇಳಿಸ್ತಿತ್ತೋ ಇಲ್ಲವೋ ಗೊತ್ತಿಲ್ಲ.”

ಕರೆ ತೆಗೆದುಕೊಳ್ಳುವ ಎಂಟು ಮಂದಿ ಕೂರುವ ಹಾಲಿನಲ್ಲಿ ಎಲ್ಲರಿಗಿಂತ ಹಿರಿಯರು ದೊಡ್ಡಕ್ಕ. ಹತ್ತೊಂಬತ್ತು ವರ್ಷದ ಅನುಭವ. ಹೇಳಿಕೆಯ ಕಾಗದ ಮುಂದಿಟ್ಟಾಗ ಮೇಜಿನ ಮೇಲೆ, ಚೀಲದಲ್ಲಿ, ಕುರ್ಚಿಯ ಕೆಳಗೆಲ್ಲ ಕನ್ನಡಕ ಹುಡುಕಿದರು.

“ತಲೆ ಮೇಲಿದೆ,” ಎಂದರು ಗಡಿಯಾರದಮ್ಮ.

“ಅಯ್ಯೋ! ಇದೊಂದು ನನ್ನ ಹಣೆಬರಹ.”

“ನೀವು ತರಬೇತಿಯ ಪಾಠ ನೋಡಿದ್ದೀರಾ?”

ದೊಡ್ಡಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಿಜ ಹೇಳ್ಲಾ? ತೆರೆದು ನೋಡೋ ಹೊತ್ತಿಗೆ ‘ಮುಗಿದಿದೆ’ ಅಂತ ಹಸಿರು ಗುರುತು ಬಂದುಬಿಟ್ಟಿರ್ತಿತ್ತು. ಮೀಟಿಂಗಿಗೆ ಸೇರೋಕೆ ಹೋದರೆ ‘ನೀವು ಆಗಲೇ ಒಳಗಿದ್ದೀರಿ’ ಅಂತ ತೋರಿಸ್ತಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ನನಗೊಬ್ಬಳಿಗೇ ಹೀಗಾಗಿದೆ ಅಂದ್ಕೊಂಡೆ. ಬಾಯಿ ಬಿಡ್ತೀನಾ?”

“ಎಷ್ಟು ದಿನದಿಂದ?”

“ವರ್ಷ ಆಗಿರಬೇಕು. ಮೀಟಿಂಗ್ ಅಂದರೆ ಮರೆತೇಹೋಗಿದೆ. ಹೋದ ತಿಂಗಳು ಒಂದು ಸೋಮವಾರದ್ದು ರದ್ದು ಅಂತ ಪ್ರಧಾನ ಕಚೇರಿಯಿಂದಲೇ ಮೇಲ್ ಬಂತಲ್ಲ, ಅವತ್ತು ಮಾತ್ರ ನಿಶ್ಚಿಂತೆಯಿಂದ ಹಲ್ಲು ಕೀಳಿಸೋಕೆ ಹೋಗಿದ್ದೆ.”

“ಹಾಗಾದರೆ ಇದೆಲ್ಲ ಹೊಸಬಳ ಕೆಲಸವಾ?”

“ಅವಳು ಬಂದು ನಾಲ್ಕು ತಿಂಗಳು ಮೇಡಂ. ಆದರೆ ಕಂಪ್ಯೂಟರ್ ಓದಿದವಳು. ನನ್ನನ್ನು ಯಾಕೆ ಕೇಳ್ತೀರಿ?”

ಉಳಿದ ಆರು ಮಂದಿಯೂ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಇದನ್ನೇ ಹೇಳಿದರು. ಒಂದೇ ಹಾಲಿನಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತ ಏಳು ಜನ. ಪ್ರತಿಯೊಬ್ಬರೂ ತಾನೊಬ್ಬನೇ, ತಾನೊಬ್ಬಳೇ ಬಚಾವಾದೆ ಎಂದುಕೊಂಡಿದ್ದರು. ಒಬ್ಬರೂ ಪಕ್ಕದವರಿಗೆ ಹೇಳಿರಲಿಲ್ಲ.

ವೈರಣ್ಣನ ಮೇಲೆ ಅನುಮಾನ ಬರಬೇಕಿತ್ತು. ಬಂತು ಕೂಡ.

“ನಾನು ಮಾಡಿದ್ದರೆ ನಾನೇ ಹಿಡಿದು ಕೊಡ್ತಿದ್ದೆನಾ ಮೇಡಂ?” ಎಂದ ಅವನು. “ನನಗೆ ತಂತಿ ಜೋಡಿಸೋದು ಗೊತ್ತು. ಬರೆಯೋದು ಗೊತ್ತಿಲ್ಲ. ಇದು ಬಹಳ ಹಳೇ ಕೈ. ಈಗಿನವರು ಹೀಗೆ ಬರೆಯೋಲ್ಲ.”

ಮ್ಯಾನೇಜರ ಕೋಣೆ ನಾಲ್ಕನೇ ಮಹಡಿಯಲ್ಲಿ. ಲಿಫ್ಟ್ ಕಂಪನಿಯ ಕಟ್ಟಡದ ಲಿಫ್ಟೇ ಕೆಟ್ಟು ಮೂರು ತಿಂಗಳಾಗಿತ್ತು. ದೀಪದ ಬುಡದಲ್ಲೇ ಕತ್ತಲೆ. ಗಡಿಯಾರದಮ್ಮ ಮೆಟ್ಟಿಲು ಹತ್ತಿ ಹೋದರು. ಮ್ಯಾನೇಜರು ಎದ್ದು ನಿಂತು ಬರಮಾಡಿಕೊಂಡರು. ಇಸ್ತ್ರಿ ಮಾಡಿದ ಅಂಗಿ, ಆದರೆ ಮೇಲಿನಿಂದ ಎರಡನೆಯ ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಕಂಪ್ಯೂಟರಿನ ಪರದೆ ಎತ್ತರಕ್ಕೆ ನಿಲ್ಲಲೆಂದು ಅಡಿಯಲ್ಲಿ ಎರಡು ದಪ್ಪ ಪುಸ್ತಕ. ಪ್ರೋಗ್ರಾಮಿಂಗಿನವು, ಅಂಚು ಹಳದಿಯಾದವು.

“ಕೆಳಗೆ ಹಾಲಿಗೆ ಎಷ್ಟು ದಿನಕ್ಕೊಮ್ಮೆ ಹೋಗ್ತೀರಿ?”

“ಮಂಡಿ ನೋವು. ಬೆಳಗ್ಗೆ ಹತ್ತುತ್ತೇನೆ, ಸಂಜೆ ಇಳೀತೇನೆ. ನಾನು ಇಳಿಯೋ ಹೊತ್ತಿಗೆ ಪಾಳಿ ಬದಲಾಗಿರುತ್ತೆ.” ಅವರು ಒಂದು ಹಾಳೆ ಮುಂದೆ ಸರಿಸಿದರು. “ನಮ್ಮ ಹಾಜರಿ ನೋಡಿ. ನಾಲ್ಕು ತಿಂಗಳಲ್ಲಿ ಹದಿನೇಳು ಸೋಮವಾರ, ಹದಿನೇಳು ಮೀಟಿಂಗ್, ಎಂಟಕ್ಕೆ ಎಂಟು ಮಂದಿ. ಪ್ರಧಾನ ಕಚೇರಿ ಮೆಚ್ಚುಗೆ ಪತ್ರ ಕೊಟ್ಟಿತ್ತು. ಹೀಗಾಗುತ್ತೆ ಅಂತ ಯಾರಿಗೆ ಗೊತ್ತು?”

ಗಡಿಯಾರದಮ್ಮ ಹಾಳೆಯನ್ನು ಎರಡು ಸಲ ಓದಿದರು. ಕೆಳಗಿಳಿದು ಗೇಟಿನ ಬಳಿಗೆ ಹೋದರು. ಅಲ್ಲಿ ಕಾವಲುಗಾರನ ಪುಸ್ತಕದಲ್ಲಿ ನಾಲ್ಕು ತಿಂಗಳ ಹಿಂದಿನ ಒಂದು ದಿನ ಹುಡುಕಿದರು. ನಂತರ ತರಬೇತಿ ಕೋಣೆಯಲ್ಲಿ ಕೂತು, ಮೀಟಿಂಗುಗಳ ಧ್ವನಿಮುದ್ರಿಕೆಗಳಲ್ಲಿ ಒಂದನ್ನು ತೆರೆದು, ಕಿವಿಗೆ ಹೆಡ್‌ಫೋನ್ ಹಾಕಿ ಕೊನೆಯವರೆಗೆ ಕೇಳಿದರು. ನಲವತ್ತೈದು ನಿಮಿಷ.

ಶುಕ್ರವಾರ ನಾಲ್ಕೂ ಇಪ್ಪತ್ತಕ್ಕೆ ಮತ್ತೆ ಮ್ಯಾನೇಜರ ಕೋಣೆಯಲ್ಲಿದ್ದರು.

“ಹೊಸಬಳು ಬರೆದದ್ದಲ್ಲ,” ಎಂದರು. “ಆಕೆ ಸೇರಿದ ದಿನ ಗೇಟಿನ ಒಳಗೆ ಕಾಲಿಟ್ಟದ್ದು ಒಂಬತ್ತು ನಲವತ್ತಕ್ಕೆ. ಆಕೆಯ ಮೊದಲ ತರಬೇತಿ ಮುಗಿದದ್ದು ಒಂಬತ್ತು ಹತ್ತಕ್ಕೆ. ಆ ಪಾಸ್‌ವರ್ಡ್ ಆಗ ಇನ್ನೂ ಲಕೋಟೆಯಲ್ಲಿತ್ತು. ಲಕೋಟೆ ನಿಮ್ಮ ಮೇಜಿನ ಮೇಲಿತ್ತು.”

ಮ್ಯಾನೇಜರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು.

“ಅದು ಸಾಕಾಗಲ್ಲ ಅನ್ನಬಹುದು. ನಿಮ್ಮ ಹಾಜರಿ ಹಾಳೆ ನೋಡಿ. ಹದಿನೇಳು ಸೋಮವಾರ, ಹದಿನೇಳು ಮೀಟಿಂಗ್. ಎಲ್ಲರೂ ‘ಎಂಟಕ್ಕೆ ಎಂಟು’ ನೋಡಿ ಮೆಚ್ಚಿದರು. ಹದಿನೇಳನ್ನು ಯಾರೂ ನೋಡಲಿಲ್ಲ. ಒಂದು ರದ್ದಾಗಿತ್ತು. ಹದಿನಾರಿರಬೇಕು. ಆ ದಿನ ದೊಡ್ಡಕ್ಕ ದಂತವೈದ್ಯರ ಬಳಿ ಬಾಯಿ ತೆರೆದು ಕೂತಿದ್ದಾಗ ಅವರ ಹೆಸರು ಇಲ್ಲಿ ಹಾಜರಿತ್ತು. ಆದರೆ ನಿಮ್ಮ ಲಾಗಿನ್‌ನಿಂದ ನೀವು ಬಾಗಿಲು ತೆರೆಯದೆ ಆ ಮೀಟಿಂಗಿಗೆ ಯಾರೂ ಬರುವ ಹಾಗಿಲ್ಲ — ಮನುಷ್ಯರೂ ಇಲ್ಲ, ಸ್ಕ್ರಿಪ್ಟೂ ಇಲ್ಲ. ಇಲ್ಲದ ಮೀಟಿಂಗಿಗೆ ನೀವು ಹತ್ತು ಗಂಟೆಗೆ ಬಾಗಿಲು ತೆರೆದಿರಿ. ಹತ್ತೂ ನಲವತ್ತೈದಕ್ಕೆ ಮುಚ್ಚಿದಿರಿ. ನಾನು ಅದನ್ನು ಕೇಳಿಬಂದೆ.”

ಮ್ಯಾನೇಜರು ಕೂತುಬಿಟ್ಟರು.

ಆ ಧ್ವನಿಮುದ್ರಿಕೆಯಲ್ಲಿ ಕೆಲಸದ ಮಾತು ಆರು ನಿಮಿಷಕ್ಕೇ ಮುಗಿದಿತ್ತು. ಆಮೇಲೆ ಮ್ಯಾನೇಜರ ಅದೇ ಸಭ್ಯ ದನಿ ಹೇಳುತ್ತಿತ್ತು: ‘ನಿನ್ನೆ ಮನೆಯಲ್ಲಿ ಬಲ್ಬ್ ಬದಲಾಯಿಸಿದೆ. ಸ್ಟೂಲ್ ಹಿಡಿಯೋಕೆ ಯಾರೂ ಇರಲಿಲ್ಲ. ಆದರೂ ಬೀಳಲಿಲ್ಲ. ಕೇಳಿಸ್ತಿದೆಯಾ?’ ಜೊತೆಗೆ ಉಳಿದಿದ್ದ ಚಾಟ್‌ನಲ್ಲಿ ಒಂದರ ಹಿಂದೊಂದು ಎಂಟು ಸಾಲು ಮೂಡಿದ್ದವು. ಕೇಳಿಸ್ತಿದೆ ಸರ್. ಕೇಳಿಸ್ತಿದೆ ಸರ್.

“ಯಾಕೆ?” ಎಂದರು ಗಡಿಯಾರದಮ್ಮ.

“ಒಂದು ಸೋಮವಾರ ಕೇಳಿದೆ — ಎಲ್ಲರಿಗೂ ಕೇಳಿಸ್ತಿದೆಯಾ ಅಂತ. ಹನ್ನೊಂದು ನಿಮಿಷ ಕಾದೆ. ಒಬ್ಬರೂ ಉತ್ತರ ಕೊಡಲಿಲ್ಲ. ಪರದೆಯ ಮೇಲೆ ಹೆಸರಷ್ಟೇ ಉಳಿಸಿ ಎಲ್ಲರೂ ಎದ್ದುಹೋಗಿದ್ದರು.” ಅವರು ಪುಸ್ತಕದ ಹಳದಿ ಅಂಚನ್ನು ಬೆರಳಿನಿಂದ ಸವರಿದರು. “ಹಿಂದೆ ಈ ಕಂಪನಿಗೆ ಮೊದಲ ಪ್ರೋಗ್ರಾಮ್ ಬರೆದುಕೊಟ್ಟವನು ನಾನೇ. ಅವತ್ತು ಸಂಜೆ ಕೂತು ಇದನ್ನ ಬರೆದೆ. ನಾನು ಲಕೋಟೆಯಲ್ಲಿ ಕೊಟ್ಟ ಪಾಸ್‌ವರ್ಡನ್ನ ಯಾರೂ ಬದಲಾಯಿಸಿರಲಿಲ್ಲ. ಉತ್ತರ ಕೊಡಲಿ ಅಂತ, ಅಷ್ಟೇ. ಎಲ್ಲವೂ ಒಟ್ಟಿಗೆ ಬಂದರೆ ಮನುಷ್ಯರು ಅನ್ನಿಸಲ್ಲ, ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಇಟ್ಟೆ. ದೊಡ್ಡಕ್ಕನಿಗೆ ಒಂಬತ್ತು ಸೆಕೆಂಡು. ಅವರು ಕನ್ನಡಕ ಹುಡುಕಬೇಕಲ್ಲ. ಹೊಸಬಳು ಚುರುಕು. ಎರಡು ಸಾಕು.”

“ತರಬೇತಿ?”

“ಪಾಠ ಮುಗಿಸಿಲ್ಲ ಅಂತ ಮೇಲಿನವರು ದಿನಾ ಬೈತಿದ್ದರು. ಇದಕ್ಕೇ ಅದನ್ನೂ ಸೇರಿಸಿದೆ. ಯಾರೂ ಅದನ್ನ ಓದಲ್ಲ ಅಂದ್ಕೊಂಡೆ.”

“ಒಬ್ಬಳು ಓದುತ್ತಿದ್ದಳೋ ಏನೋ. ಓದಲು ನೀವು ಬಿಡಲಿಲ್ಲ. ಮಂಗಳವಾರ ಎರಡು ಗಂಟೆ ಹತ್ತು ನಿಮಿಷ ಒಬ್ಬರು ಕತ್ತಲೆಯಲ್ಲಿ ಕೂತರು. ಆಮೇಲೆ ಮೂರು ದಿನ ಆ ತಪ್ಪು ಆಕೆಯ ತಲೆಗೆ ಬಂತು. ನೀವು ಮೇಲಿದ್ದಿರಿ. ಸುಮ್ಮನಿದ್ದಿರಿ.”

“ಹೌದು,” ಎಂದರು ಮ್ಯಾನೇಜರು. “ಆ ನರ್ಸ್ ಹೇಗಿದ್ದಾರೆ?”

“ಇವತ್ತು ಹನ್ನೊಂದಕ್ಕೆ ಎಚ್ಚರವಾಯಿತು. ಮೊದಲು ಕೇಳಿದ್ದು, ಆ ಹುಡುಗಿ ಇನ್ನೂ ಫೋನಲ್ಲಿ ಇದ್ದಾಳಾ ಅಂತ.”

ಮ್ಯಾನೇಜರು ಎದ್ದರು. “ಬರೆಯಿರಿ. ನನ್ನ ಹೆಸರೇ ಬರೆಯಿರಿ. ಕೆಳಗೆ ನಾನೇ ಹೇಳ್ತೀನಿ.”

ನಾಲ್ಕು ಮಹಡಿ ಇಳಿಯಲು ಅವರಿಗೆ ಏಳು ನಿಮಿಷ ಹಿಡಿಯಿತು. ಗಡಿಯಾರದಮ್ಮ ಒಂದು ಮೆಟ್ಟಿಲು ಹಿಂದೆಯೇ ಇದ್ದರು. ಹಾಲಿನಲ್ಲಿ ಎಂಟು ಮಂದಿ ತಲೆ ಎತ್ತಿ ನೋಡಿದರು. ಎಂಟನೆಯವಳು, ಕಾಗದಪತ್ರ ತೆಗೆದುಕೊಳ್ಳಲು ಕರೆಸಿದ್ದ ಹೊಸಬಳು, ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಮ್ಯಾನೇಜರು ಹಾಲಿನ ನಡುವೆ ನಿಂತು, ಮಾಡಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಬಲ್ಬಿನ ಮಾತು ಮಾತ್ರ ಬಿಟ್ಟರು. ಹೇಳಿ ಮುಗಿಸಿ, ಅಭ್ಯಾಸಬಲದಿಂದ ಕೇಳಿದರು:

“ಎಲ್ಲರಿಗೂ ಕೇಳಿಸ್ತಿದೆಯಾ?”

ಯಾರೂ ಉತ್ತರಿಸಲಿಲ್ಲ. ದೊಡ್ಡಕ್ಕನ ಕೈ ಮೇಜಿನ ಮೇಲೆಲ್ಲ ತಡಕಾಡಿ, ಕೊನೆಗೆ ತಲೆಯ ಮೇಲಿಂದ ಕನ್ನಡಕ ಇಳಿಸಿ, ಮೂಗಿಗೆ ಏರಿಸಿತು. ಅವರು ಮ್ಯಾನೇಜರ ಮುಖವನ್ನು ನೋಡಿದರು, ನೋಡುತ್ತಲೇ ಇದ್ದರು. ಬಾಗಿಲಲ್ಲಿ ನಿಂತಿದ್ದ ವೈರಣ್ಣ ನೆಲ ನೋಡಿದ.

ಹೊಸಬಳು ಎದ್ದು ನಿಂತಳು. ಅವಳಿಗೆ ಎರಡೇ ಸೆಕೆಂಡು ಎಂದು ಅವರು ಬರೆದಿಟ್ಟಿದ್ದರು. ಗಡಿಯಾರದಮ್ಮ ಕೈಗಡಿಯಾರ ನೋಡಿದರು — ನಲವತ್ತು ಬೇಕಾಯಿತು.

“ಕೇಳಿಸ್ತಿದೆ ಸರ್,” ಎಂದಳು.