ಹಣಮಂತರಾಯರ ನಿದ್ದೆಯ ಕಾಗದ

ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಕಪಾಟು ತೆರೆದೆ. ಹಣಮಂತರಾಯರ ನಿದ್ದೆ ಇರಲಿಲ್ಲ.

ಐದು ರೋಗಿಗಳ ಇಡೀ ರಾತ್ರಿಯ ನಿದ್ದೆಯನ್ನು ಯಂತ್ರ ಗೆರೆಗಳಾಗಿ ಬರೆದ ಐದು ಕಾಗದದ ಕಟ್ಟುಗಳು ಸಂಜೆಯ ಬಸ್ಸಿಗೆ ಮುಂಬಯಿಯ ಪರೀಕ್ಷಾ ಮಂಡಳಿಗೆ ಹೊರಡಬೇಕಿತ್ತು. ಒಂದು ಕಡಿಮೆಯಾದರೂ ನಿದ್ರಾತಜ್ಞೆಯ ಪ್ರಮಾಣಪತ್ರ ಈ ವರ್ಷವೂ ಇಲ್ಲ. ತೊಂಬತ್ತನಾಲ್ಕರಲ್ಲಿ, ಅಫಜಲಪುರದಲ್ಲಿ, ಗೊರಕೆಯೂ ಒಂದು ಕಾಯಿಲೆ ಎಂದು ಜನರನ್ನು ಒಪ್ಪಿಸಿ ಮಲಗಿಸುವಷ್ಟರಲ್ಲೇ ನನಗೆ ಸಾಕುಸಾಕಾಗಿತ್ತು.

ಹಿಂದಿನ ರಾತ್ರಿ ಹಣಮಂತರಾಯರನ್ನು ದವಾಖಾನೆಯಲ್ಲಿ ಯಂತ್ರಕ್ಕೆ ಜೋಡಿಸಿ ಮಲಗಿಸಿದ ಮೇಲೆ ಹೆರಿಗೆಯ ಕರೆ ಬಂದು ನಾನು ಹೋಗಿದ್ದೆ. ಕಾವಲಿಗಿದ್ದ ಕಂಪೌಂಡರ್ ಮಾಳಿಂಗಪ್ಪ ನಿದ್ದೆಹೋಗಿದ್ದನಂತೆ. ನಿದ್ದೆಯ ಪರೀಕ್ಷೆಗೆ ಕಾವಲಿದ್ದವನು! ಸಿಟ್ಟು ನೆತ್ತಿಗೇರಿತು.

ನಿದ್ದೆ ಬಾರದೆಂದು ನನ್ನಲ್ಲಿಗೆ ಬರುವ ನಿವೃತ್ತ ಪೊಲೀಸ್ ಫೌಜದಾರ ಗೌಸಮೊಹಿದ್ದೀನರು ಅದೇ ಹೊತ್ತಿಗೆ ಬಂದರು. ನನ್ನ ಏಳಿಗೆ ಸಹಿಸದ ಎದುರಿನ ದವಾಖಾನೆಯ ಡಾಕ್ಟರ್ ದೌಲತರಾಯನದೇ ಕೆಲಸ ಎಂದು ನಾನು ಹಟ ಹಿಡಿದೆ. ಕಟ್ಟುಗಳೆಲ್ಲ ನೋಡಲು ಒಂದೇ. ಹೆಸರು ಇಂಗ್ಲಿಷಿನಲ್ಲಿದೆ. ಓದಬಲ್ಲವನೇ ಬೇಕಾದ್ದನ್ನು ಆರಿಸಿ ಒಯ್ದಿರಬೇಕು.

ಅವರು ಉಳಿದ ಕಟ್ಟುಗಳನ್ನು ತಿರುವಿದರು. ಒಂದರ ಮೇಲೆ ಬಿಳಿ ಧೂಳು. ನಾನು ಒರೆಸಹೋದೆ. ಅವರು ನನ್ನ ಕೈ ಹಿಡಿದರು.

"ಒರಸಬ್ಯಾಡ್ರಿ ಡಾಕ್ಟರ್ ಬಾಯಾರ. ಇದು ಧೂಳಲ್ಲ, ವಿಭೂತಿ."

ಹಣಮಂತರಾಯರ ಹಣೆಯದೇ?—ಅಲ್ಲ, ತಂತಿ ಅಂಟಿಸಲು ನಾನೇ ಅದನ್ನು ತೊಳೆದಿದ್ದೆ. ಹಾಗಾದರೆ ಯಾರದು? ಮಾಳಿಂಗಪ್ಪ ತಲೆ ಕೆರೆದುಕೊಂಡ. ನಸುಕಿನಲ್ಲಿ ಗಂಡನನ್ನು ಕರೆದೊಯ್ಯುವಾಗ ಹಣಮಂತರಾಯರ ಹೆಂಡತಿ ಶಾರದಾಬಾಯಿ, ಹೊಸ ಟ್ರ್ಯಾಕ್ಟರಿಗೆ ಹಚ್ಚುವಂತೆ, ಯಂತ್ರಕ್ಕೂ ಕಾಗದಕ್ಕೂ ವಿಭೂತಿ ಹಚ್ಚಿದ್ದರಂತೆ. ಇವನು ಕಟ್ಟನ್ನು ಕಪಾಟಿನಲ್ಲಿಟ್ಟ ಮೇಲೆ ತಂಬಿಗೆ ಮರೆತೆನೆಂದು ಮತ್ತೆ ಒಳಗೆ ಬಂದಿದ್ದರಂತೆ.

"ತಾನ ವಿಭೂತಿ ಹಚ್ಚಿದ ಕಟ್ಟು ಗುರ್ತು ಹಿಡ್ಯಾಕ ಇಂಗ್ಲಿಷ್ ಯಾಕ ಬೇಕ್ರಿ?" ಎಂದರು ಫೌಜದಾರರು. "ಉಳಿದದ್ದಕ್ಕ ಹತ್ತಿದ್ದು ಅದರದ ಪುಡಿ. ಒಯ್ದಾಕಿ ಶಾರದಾಬಾಯಿ. ನಡೀರಿ ಅವರ ಊರು ಕರಜಗಿಗೆ."

ಶಾರದಾಬಾಯಿ ಸುಳ್ಳು ಹೇಳಲಿಲ್ಲ. ಜೋಳದ ಚೀಲದಿಂದ ಕಟ್ಟು ತೆಗೆದುಕೊಟ್ಟರು.

"ನಿದ್ದ್ಯಾಗ ಯಾರ್ದೋ ಹೆಸರು ಕರೀತಾರ್ರಿ ನಮ್ಮವ್ರು. ಮಷೀನು ಬರದಿರ್ತದ, ಯಾರ ಕಡೆರ ಓದಸ್ಬೇಕಂತ ಒಯ್ದೆ."

ತಲೆ ಚಚ್ಚಿಕೊಳ್ಳುವಂತಾಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಹೆಸರುಗಿಸರು ಏನೂ ಇಲ್ಲವೆಂದು ತೋರಿಸಲು ಅಲ್ಲೇ ಕಾಗದ ಬಿಚ್ಚಿದೆ. ಉಸಿರಿನ ಗೆರೆ ಸಪಾಟಾಗಿ ನಿಲ್ಲುತ್ತಿತ್ತು. ಮರುಕ್ಷಣ ಎಲ್ಲ ಗೆರೆಗಳೂ ಹುಚ್ಚೆದ್ದು ಕುಣಿದು, ಉಸಿರು ಮತ್ತೆ ಶುರು. ಪುಟ ಮಗುಚಿದಷ್ಟೂ ಅದೇ. ತಾವಾಗಿ ಎಚ್ಚರಾಗುವವರ ಗೆರೆ ಹೀಗಿರುವುದಿಲ್ಲ.

"ರಾತ್ರಿ ಇವರನ್ನ ಯಾರರ ಮುಟ್ಟಿದ್ರೇನು?"

"ನಾನ ರೀ. ಮಾಳಿಂಗಪ್ಪ ಮಲಗಿದ ಮ್ಯಾಲ ಹೊರಗಿಂದ ಎದ್ದು ಇವರ ಬಾಜೂಕ ಹೋಗಿ ಕುಂತೆ. ಉಸಿರು ನಿಂತ್ರ ಮೊಣಕೈಲೆ ತಿವೀತೇನಿ. ಲಗ್ನ ಆದಾಗಿಂದ ಇದ ಕೆಲಸ."

ಮಲಗಿದವರನ್ನು ಯಾರೂ ಮುಟ್ಟಬಾರದು—ಮಂಡಳಿಯ ಮೊದಲ ನಿಯಮವೇ ಅದು. ಕಟ್ಟು ಸಿಕ್ಕಿತು, ಆದರೆ ಕೆಲಸಕ್ಕೆ ಬಾರದು. ಒಂದು ವರ್ಷ ನೀರುಪಾಲು. ಎಲ್ಲರ ಮೇಲೂ ಕೂಗಾಡಬೇಕೆನಿಸಿತು. ಕಣ್ಣಲ್ಲಿ ನೀರೂ ಬಂತು.

ನನ್ನ ಮುಖ ನೋಡಿ ಶಾರದಾಬಾಯಿ ಅಂಜಿದರು.

"ತಪ್ಪಾತ್ರಿ ಬಾಯಾರ. ಇವತ್ತಿಂದ ತಿವ್ಯಾಂಗಿಲ್ರಿ."

ನಾನು ಕಾಗದ ಮಡಿಸುವುದನ್ನು ಬಿಟ್ಟು ಅವರ ಮೊಣಕೈ ಹಿಡಿದುಕೊಂಡೆ.

"ತಿವೀರಿ," ಎಂದೆ. "ನಾ ಉಪಚಾರ ಸುರು ಮಾಡೂ ತನಕ ಒಂದು ರಾತ್ರೀನೂ ಬಿಡಬ್ಯಾಡ್ರಿ."